ದೋಣಿಗೆ ಕಟ್ಟಿದ ಕುದುರೆಗಳು

ಅಂಕೋಲೆಯಲ್ಲಿ ನಾನು ಒಂಬತ್ತನೆಯ ತರಗತಿಗೆ ವಿಜ್ಞಾನ ಕಲಿಸುತ್ತಿದ್ದ ಕಾಲದ ಮಾತು. ಒಂದು ಅಶ್ವಶಕ್ತಿಯೆಂದರೆ 746 ವ್ಯಾಟ್ ಎಂದು ಹಲಗೆಯ ಮೇಲೆ ಬರೆದು, ಜೇಮ್ಸ್ ವ್ಯಾಟ್‌ನ ಕಥೆ ಹೇಳಿ, ಉದಾಹರಣೆ ಕೊಡಿರೆಂದೆ. ಬೇಲೇಕೇರಿಯ ಕಡೆಯಿಂದ ಬರುತ್ತಿದ್ದ ಹುಡುಗನೊಬ್ಬ ಎದ್ದು ನಿಂತು, "ಸರ್, ನಮ್ಮಪ್ಪನ ದೋಣಿಗೆ ಒಂಬತ್ತು ಕುದುರೆ, ಹತ್ತನೆಯದು ಸ್ವಲ್ಪ ಕುಂಟು" ಎಂದ. ತರಗತಿಯೆಲ್ಲ ನಕ್ಕಿತು. ಆತ ಹೇಳಿದ್ದು ನಾಡದೋಣಿಗೆ ಕಟ್ಟುವ 9.9 ಅಶ್ವಶಕ್ತಿಯ ಔಟ್‌ಬೋರ್ಡ್ ಎಂಜಿನ್ನಿನ ವಿಷಯ. ನನ್ನ ಪಾಠಕ್ಕಿಂತ ಅವನ ಉತ್ತರವೇ ಮಕ್ಕಳಿಗೆ ನೆನಪುಳಿದಿರಬೇಕು. ಇದನ್ನು ಓದುತ್ತಿರುವ ನಿಮ್ಮಲ್ಲಿ ಯಾರಾದರೂ ಅಂದು ಆ ತರಗತಿಯಲ್ಲಿದ್ದರೆ ತಿಳಿಸಿ.

ನಮ್ಮ ಕರಾವಳಿಯ ಮೀನುಗಾರನಿಗೆ ಅಶ್ವಶಕ್ತಿಯ ಮಿತಿ ಎಂಬುದು ಹೊಸತಲ್ಲ. ಜೂನ್ 1ರಿಂದ ಜುಲೈ 31ರವರೆಗೆ, ಒಟ್ಟು 61 ದಿನ, ಯಾಂತ್ರೀಕೃತ ಮೀನುಗಾರಿಕೆಗೆ ನಿಷೇಧವಿರುತ್ತದೆ. ಹತ್ತು ಅಶ್ವಶಕ್ತಿಯವರೆಗಿನ ಎಂಜಿನ್ ಕಟ್ಟಿದ ನಾಡದೋಣಿಗಳಿಗೆ ಮಾತ್ರ ವಿನಾಯಿತಿ. ಆ ನಿಯಮ ಹುಟ್ಟಿದ್ದು ಮೀನಿನ ಸಂತತಿ ಉಳಿಯಲೆಂದು, ಮನುಷ್ಯನ ರಕ್ಷಣೆಗೆಂದಲ್ಲ, ನಿಜ. ಆದರೂ ತನ್ನ ಎಂಜಿನ್ ಎಷ್ಟು ಕುದುರೆಯದು, ಅದು ಯಾವಾಗ ನೀರಿಗಿಳಿಯಬಹುದು ಎಂಬುದು ಹರಿಕಂತ್ರ, ಖಾರ್ವಿ, ಅಂಬಿಗರ ಮನೆಯ ಪ್ರತಿ ಮಗುವಿಗೂ ಗೊತ್ತು. ಕಡಲನ್ನು ಬಲ್ಲವನಿಗೆ ಲೆಕ್ಕ ಇಷ್ಟು ಬಿಗಿ. ಕಡಲನ್ನೇ ಕಾಣದೆ ಘಟ್ಟದ ಮೇಲಿನಿಂದ ಬಂದು ಪ್ರವಾಸಿ ದೋಣಿ ಹತ್ತುವವನಿಗೆ ಮಾತ್ರ ತಾನು ಕುಳಿತ ದೋಣಿಯ ಎಂಜಿನ್ ಎಷ್ಟರದು, ಅದರಲ್ಲಿ ಎಷ್ಟು ಜನ ಕೂರಬಹುದು ಎಂಬ ಯಾವ ಸುಳಿವೂ ಇರುವುದಿಲ್ಲ. ಈ ಅಸಂಗತಿಯೇ ನನ್ನನ್ನು ಕಾಡುತ್ತಿರುವುದು.

2019ರ ಜನವರಿ 21ನ್ನು ಕಾರವಾರದವರು ಮರೆಯಲಾರರು. ಕೂರ್ಮಗಡದ ನರಸಿಂಹ ದೇವರ ಜಾತ್ರೆ ಮುಗಿಸಿ ಮರಳುತ್ತಿದ್ದ ದೋಣಿ ಅಲೆಗೆ ಸಿಕ್ಕಿ ಮಗುಚಿ 16 ಮಂದಿ ತೀರಿಕೊಂಡರು. ಹಾವೇರಿ ಜಿಲ್ಲೆಯ ಒಂದೇ ಕುಟುಂಬದ ಹಲವರು ಅವರಲ್ಲಿದ್ದರು, ಮಕ್ಕಳೂ ಇದ್ದರು. ಮಿತಿಗಿಂತ ಹೆಚ್ಚು ಜನರನ್ನು ಹತ್ತಿಸಿಕೊಂಡಿದ್ದರು, ಹಲವರ ಮೈಮೇಲೆ ಲೈಫ್ ಜಾಕೆಟ್ ಇರಲಿಲ್ಲ ಎಂದು ಆಗ ವರದಿಯಾಯಿತು. ಅಲ್ಲಿ ಕೊಂದದ್ದು ಎಂಜಿನ್ನಿನ ಬಲವಲ್ಲ. ತಲೆಗಳ ಎಣಿಕೆ ತಪ್ಪಿದ್ದು. ಆದ್ದರಿಂದ ಅಶ್ವಶಕ್ತಿಗೊಂದು ಮಿತಿ ಹಾಕಿಬಿಟ್ಟರೆ ಎಲ್ಲ ಸರಿಹೋದೀತು ಎನ್ನುವವರ ಮಾತನ್ನು ನಾನು ಒಪ್ಪಲಾರೆ.

ಹಾಗೆಂದು ಎಂಜಿನ್ ನಿರಪರಾಧಿಯೂ ಅಲ್ಲ. 2024ರ ಡಿಸೆಂಬರ್ 18ರಂದು ಮುಂಬಯಿಯಲ್ಲಿ ಎಂಜಿನ್ ಪರೀಕ್ಷೆಯಲ್ಲಿ ತೊಡಗಿದ್ದ ನೌಕಾಪಡೆಯ ವೇಗದ ದೋಣಿಯೊಂದು ನಿಯಂತ್ರಣ ತಪ್ಪಿ, ಎಲಿಫೆಂಟಾಕ್ಕೆ ಹೊರಟಿದ್ದ 'ನೀಲ್ ಕಮಲ್' ದೋಣಿಗೆ ಅಪ್ಪಳಿಸಿ 15 ಮಂದಿ ಸತ್ತರು. ತರಬೇತಾದ ಕೈಗಳಲ್ಲೇ ಹೀಗಾದರೆ ಉಳಿದವರ ಪಾಡೇನು? ನಿಮಗೆ ಕಲಿಸಿದ ಪಾಠವನ್ನೇ ಮತ್ತೆ ಹೇಳುತ್ತೇನೆ, ಬೇಸರಿಸಬೇಡಿ: ವೇಗ ಇಮ್ಮಡಿಯಾದರೆ ಚಲನಶಕ್ತಿ ಇಮ್ಮಡಿಯಲ್ಲ, ನಾಲ್ಮಡಿಯಾಗುತ್ತದೆ. ನೀರಿನ ಮೇಲೆ ಬ್ರೇಕೂ ಇಲ್ಲ. ಅದಲ್ಲದೆ, ದೊಡ್ಡ ಎಂಜಿನ್ನಿಗೆ ತೂಕವೂ ಹೆಚ್ಚು. ಚಿಕ್ಕ ದೋಣಿಯ ಹಿಂಬದಿಗೆ ಅದನ್ನು ಕಟ್ಟಿದರೆ ಹಿಂಭಾಗ ತಗ್ಗುತ್ತದೆ, ಹಿಂದಿನಿಂದ ಬಂದ ಅಲೆ ಸಲೀಸಾಗಿ ಒಳನುಗ್ಗುತ್ತದೆ. ಕಾಳಿಯ ಅಳಿವೆಯೊಳಗೆ ಹಾಯಾಗಿ ತೇಲುವ ದೋಣಿ ಅಳಿವೆ ದಾಟಿ ಕಡಲಿಗೆ ಬಿದ್ದೊಡನೆ ಬೇರೆಯೇ ದೋಣಿಯಾಗುತ್ತದೆ. 1883ರಲ್ಲಿ ಕಾರವಾರದಲ್ಲಿದ್ದ ರವೀಂದ್ರನಾಥ ಠಾಕೂರರು ಬೆಳದಿಂಗಳಲ್ಲಿ ಕಾಳಿಯ ಮೇಲೆ ದೋಣಿಯಲ್ಲಿ ಹೋದದ್ದನ್ನು ತಮ್ಮ ನೆನಪುಗಳಲ್ಲಿ ಬರೆದುಕೊಂಡಿದ್ದಾರೆ. ಆ ದೋಣಿಗೆ ಎಂಜಿನ್ನೇ ಇರಲಿಲ್ಲವೆನ್ನಿ.

ದೋಣಿ, ಭಾರ, ಬಲ ಈ ಮೂರಕ್ಕೂ ಒಂದೇ ಲೆಕ್ಕವಿರಬೇಕು ಎಂಬುದು ನನ್ನ ಅಭಿಪ್ರಾಯ. ಅಮೆರಿಕದಲ್ಲಿರುವ ಹಳೆಯ ವಿದ್ಯಾರ್ಥಿಯೊಬ್ಬ ತನ್ನ ಪುಟ್ಟ ದೋಣಿಯ ಚಿತ್ರ ಕಳಿಸಿದ್ದ. ಚುಕ್ಕಾಣಿಯ ಬಳಿ ಒಂದು ತಗಡು. ಅದರ ಮೇಲೆ ಎಷ್ಟು ಜನ, ಎಷ್ಟು ತೂಕ, ಗರಿಷ್ಠ ಎಷ್ಟು ಅಶ್ವಶಕ್ತಿ ಎಂದು ಬರೆದಿತ್ತು. ಅಲ್ಲಿ 1970ರ ದಶಕದಿಂದಲೇ 20 ಅಡಿಗಿಂತ ಚಿಕ್ಕದಾದ ಬಹುತೇಕ ಮೋಟಾರು ದೋಣಿಗಳಿಗೆ ಇದು ಕಡ್ಡಾಯ. ಚಾಲಕ ನೀರಿಗೆ ಬಿದ್ದರೆ ಎಂಜಿನ್ ತಾನಾಗಿ ನಿಲ್ಲುವಂತೆ ಅವನ ಮೈಗೆ ಸಿಕ್ಕಿಸುವ ದಾರವೊಂದಿದೆ. ಚಿಕ್ಕ ದೋಣಿಗಳಲ್ಲಿ ಅದನ್ನು ಬಳಸಲೇಬೇಕೆಂದು 2021ರ ಏಪ್ರಿಲ್‌ನಲ್ಲಿ ಕಾನೂನೂ ಬಂತು. ದುಬಾರಿಯಾದದ್ದು ಏನಿದೆ ಇದರಲ್ಲಿ? ಒಂದು ತಗಡು, ಒಂದು ದಾರ.

ನಮ್ಮಲ್ಲಿಯೂ ಕಾನೂನಿಗೆ ಬರವಿಲ್ಲ. 1917ರ ಹಳೆಯ ಕಾಯ್ದೆಯ ಬದಲಿಗೆ 2021ರಲ್ಲಿ ಒಳನಾಡು ಹಡಗುಗಳ ಕಾಯ್ದೆ ಬಂದಿದೆ. ನೋಂದಣಿ, ತಪಾಸಣೆ, ಸುರಕ್ಷಾ ಸಾಮಗ್ರಿ ಎಲ್ಲವೂ ಅದರಲ್ಲಿವೆ. ಆದರೂ 2023ರ ಮೇ 7ರಂದು ಕೇರಳದ ತಾನೂರಿನಲ್ಲಿ, ಮೀನಿನ ದೋಣಿಯನ್ನು ಪ್ರವಾಸಿ ದೋಣಿಯಾಗಿ ಮಾರ್ಪಡಿಸಿ ಓಡಿಸಿ 22 ಮಂದಿಯನ್ನು ಬಲಿಗೊಟ್ಟರು. ಮರುವರ್ಷ ಜನವರಿಯಲ್ಲಿ ವಡೋದರಾದ ಹರಣಿ ಕೆರೆಯಲ್ಲಿ ಶಾಲಾ ಪ್ರವಾಸದ 12 ಮಕ್ಕಳು, ಇಬ್ಬರು ಶಿಕ್ಷಕಿಯರು ಮುಳುಗಿದರು. ಆ ಸುದ್ದಿ ಓದಿದ ದಿನ ನಾನು ಊಟ ಮಾಡಲಿಲ್ಲ. ಎಷ್ಟು ವರ್ಷ ಎಷ್ಟು ಮಕ್ಕಳನ್ನು ಪ್ರವಾಸಕ್ಕೆ ಕರೆದೊಯ್ದಿದ್ದೇನೆ! ದೋಣಿ ಹತ್ತಿಸುವಾಗ ಒಮ್ಮೆಯಾದರೂ ಅದರ ಮಿತಿ ಎಷ್ಟೆಂದು ಕೇಳಿದ್ದೆನೇ? ಮಕ್ಕಳ ತಲೆ ಎಣಿಸುತ್ತಿದ್ದೆ, ಯಾರೂ ಹಿಂದುಳಿಯಬಾರದೆಂದು ಮಾತ್ರ.

ಇಷ್ಟೆಲ್ಲ ತಿಳಿದ ಮೇಲೂ ಕಳೆದ ಡಿಸೆಂಬರ್‌ನಲ್ಲಿ ನಾನು ಮಾಡಿದ್ದನ್ನು ಹೇಳಲೇಬೇಕು. ಮೊಮ್ಮಕ್ಕಳು ಬಂದಿದ್ದರು; ದೋಣಿ ವಿಹಾರಕ್ಕೆ ಹೋದೆವು. ದೋಣಿ ನಡೆಸುವಾತ ನನ್ನ ಹಳೆಯ ವಿದ್ಯಾರ್ಥಿ. ಕಂಡೊಡನೆ ಕಾಲು ಮುಟ್ಟಿ ನಮಸ್ಕರಿಸಿ, ಕೈಹಿಡಿದು ಮುಂದಿನ ಆಸನದಲ್ಲಿ ಕೂರಿಸಿದ. ಮಕ್ಕಳಿಗೆ ಲೈಫ್ ಜಾಕೆಟ್ ತೊಡಿಸಿದ. ನನ್ನ ಸರದಿ ಬಂದಾಗ, "ನಿಮಗೆ ಅದು ಎಂತಕ್ಕೆ ಸರ್, ನಾ ಇದ್ದೆನಲ್ಲ" ಎಂದು ನಕ್ಕ. ನಾನೂ ನಕ್ಕೆ. ಶಿಷ್ಯನ ಗೌರವದ ಮುಂದೆ ಜಾಕೆಟ್ ಕೇಳುವುದು ಅವಿಶ್ವಾಸ ತೋರಿದಂತೆ ಎನಿಸಿತು. ನಡುನೀರಿಗೆ ಬಂದ ಮೇಲೆ ತಲೆ ಎಣಿಸಿದೆ: ಇಪ್ಪತ್ತಮೂರು. ದೋಣಿಯ ಮೇಲೆ ಬರೆದಿದ್ದ ಸಂಖ್ಯೆ ಉಪ್ಪುಗಾಳಿಗೆ ಅಳಿಸಿಹೋಗಿತ್ತು. ಕೇಳಬಹುದಿತ್ತು. ಕೇಳಲಿಲ್ಲ.

ವಾರ ಕಳೆದು ಆತನಿಗೆ ಫೋನ್ ಮಾಡಿ, ಮಳೆಗಾಲದಲ್ಲಿ ದೋಣಿ ದಡಕ್ಕೆಳೆದಾಗ ಹೇಳು, ಬಣ್ಣ, ಕುಂಚ ನಾನೇ ತರುತ್ತೇನೆ, ಜನರೆಷ್ಟು, ಅಶ್ವಶಕ್ತಿಯೆಷ್ಟು ಎಂದು ಅಂಗೈಯಗಲದ ಕನ್ನಡ ಅಕ್ಷರದಲ್ಲಿ ಬರೆದುಕೊಡುತ್ತೇನೆ ಎಂದೆ. "ಆಗ್ಲಿ ಸರ್" ಎಂದ. ಸ್ವಲ್ಪ ತಡೆದು, "ಜನ ಎಷ್ಟಂತ ಬರೆಯೂದು ಸರ್?" ಎಂದು ಕೇಳಿದ. ಪರವಾನಗಿಯಲ್ಲಿ ಇದ್ದಷ್ಟು ಎಂದೆ. ಈಗ ಮಳೆ ಹಿಡಿದಿದೆ, ಕಡಲು ಕೆಂಪಾಗಿದೆ. ಅವನ ಕರೆ ಇನ್ನೂ ಬಂದಿಲ್ಲ. ನೀಲಿ ಬಣ್ಣದ ಡಬ್ಬಿ ನಮ್ಮ ಜಗಲಿಯ ಮೂಲೆಯಲ್ಲಿದೆ.