ಜಾಗದ ದಲಾಲರನ್ನು ಆರಿಸುವಾಗ

ಬೈಲಹೊಂಗಲ, ಕಿತ್ತೂರು ಸೀಮೆಯಲ್ಲಿ ಜಾಗ ಕೊಳ್ಳಬಯಸುವ ಕುಟುಂಬಗಳು ಮಾತುಗಾರ ದಲಾಲರನ್ನೇ ನೆಚ್ಚುವುದನ್ನು ನಾವು ಕಾಣುತ್ತಿದ್ದೇವೆ. ಸಂಚಕಾರ ಕೊಡುವ ಮುನ್ನ ಉತಾರ, ಬಿನ್‌ಶೇತ್ಕಿ ಆದೇಶ, ಉಪನೋಂದಣಿ ಕಚೇರಿಯ ಋಣಭಾರ ಪತ್ರ ಇವನ್ನು ಕೇಳಿರಿ. "ಆಮೇಲೆ ತೋರಿಸೋಣ" ಎನ್ನುವವರ ಸಹವಾಸ ಬೇಡ. 2016ರ ರೇರಾ ಕಾಯಿದೆಯ ಮೇರೆಗೆ ನೋಂದಾಯಿತ ಬಡಾವಣೆಯ ನಿವೇಶನ ಮಾರಿಸುವ ಏಜಂಟರಿಗೂ ನೋಂದಣಿ ಕಡ್ಡಾಯ. ಆ ಸಂಖ್ಯೆ ಕೇಳಲು ಸಂಕೋಚವೇಕೆ?

ಹೊಲದ ದಲಾಲರಿಗೆ ಈ ಕಟ್ಟಳೆಯಿಲ್ಲ. ಪಿತ್ರಾರ್ಜಿತ ಹೊಲವಾದರೆ ಮನೆಯ ಹೆಣ್ಣುಮಕ್ಕಳ ಸಹಿ ಆಗುವುದೇ ಎಂದು ಮೊದಲು ವಿಚಾರಿಸಿರಿ. 2005ರ ತಿದ್ದುಪಡಿಯಿಂದ ಮಗಳಿಗೂ ಮಗನಷ್ಟೇ ಪಾಲುಂಟು. "ಕೊಟ್ಟ ಮನೆಗೆ ಹೋದವರದೇನು" ಎಂದು ತೇಲಿಸುವ ದಲಾಲ ತನ್ನ ದಲಾಲಿ ಎಣಿಸಿಕೊಂಡು ಹೋಗುತ್ತಾನೆ. ದಾವೆಯಲ್ಲಿ ಕೋರ್ಟಿಗೆ ಅಲೆಯುವವರು ಕೊಂಡವರೇ. ದಲಾಲಿ ಎಷ್ಟೆಂಬುದನ್ನು ಮೊದಲೇ ಬರೆಯಿಸಿ, ಖರೀದಿಪತ್ರ ನೋಂದಣಿಯಾದ ಬಳಿಕವೇ ಪೂರ್ತಿ ಸಲ್ಲಿಸಿರಿ.