ಹಿತ್ತಲ ಹೊಂಡದಲ್ಲಿ ನಮ್ಮೂರ ಮೀನು

ಹೋದ ವರ್ಷ ಫೆಬ್ರವರಿಯ ಒಂದು ಬೆಳಿಗ್ಗೆ ಎಂಟನೆಯ ತರಗತಿಯ ಹುಡುಗನೊಬ್ಬ ಪ್ರಾರ್ಥನೆಗೆ ಮುಂಚೆಯೇ ನನ್ನ ಮುಂದೆ ಬಂದು ನಿಂತ. ಕಣ್ಣು ಕೆಂಪಾಗಿತ್ತು. ‘ಸಾ, ಮೀನೆಲ್ಲ ಸತ್ತೋದೊ ಸಾ. ರಾತ್ರಿ ಚೆನ್ನಾಗೇ ಇದ್ದೊ’ ಎಂದ. ನನ್ನ ಮಾತು ಕೇಳಿ ಹಿತ್ತಲಲ್ಲಿ ಹೊಂಡ ತೋಡಿದ್ದವನು ಅವನು. ಹೀಗಾಗಿ ಆ ಸಾವಿನಲ್ಲಿ ನನಗೂ ಪಾಲಿತ್ತು.

‘ಏನು ಹಾಕ್ತಿದ್ದೆಯಪ್ಪ ತಿನ್ನೋಕೆ?’ ಎಂದು ಕೇಳಿದೆ. ಅಜ್ಜಿ ದಿನಾ ಮಿಕ್ಕಿದ ಅನ್ನ, ಮುದ್ದೆ ಎಲ್ಲವನ್ನೂ ಪ್ರೀತಿಯಿಂದ ಹಾಕುತ್ತಿದ್ದರಂತೆ. ಕಾರಣ ಅಲ್ಲೇ ಸಿಕ್ಕಿತು. ತಿಂದು ಮಿಕ್ಕಿದ್ದು ತಳದಲ್ಲಿ ಕೊಳೆಯುತ್ತದೆ. ಕೊಳೆಸುವ ಬ್ಯಾಕ್ಟೀರಿಯಾಗಳಿಗೂ ಆಮ್ಲಜನಕ ಬೇಕು. ಹಗಲಿನಲ್ಲಿ ನೀರಿನ ಗಿಡಗಳು ದ್ಯುತಿಸಂಶ್ಲೇಷಣೆಯಿಂದ ಆಮ್ಲಜನಕ ಬಿಡುತ್ತವೆ, ಸರಿ. ರಾತ್ರಿ? ಗಿಡ, ಮೀನು, ಬ್ಯಾಕ್ಟೀರಿಯಾ ಮೂರೂ ಉಸಿರಾಡುತ್ತವೆ, ಕೊಡುವವರು ಯಾರೂ ಇಲ್ಲ. ಬೆಳಗಿನ ಜಾವದ ಹೊತ್ತಿಗೆ ನೀರಿನಲ್ಲಿ ಆಮ್ಲಜನಕ ಅತಿ ಕಡಿಮೆ. ಆ ಮೀನುಗಳು ಸತ್ತದ್ದು ಉಪವಾಸದಿಂದಲ್ಲ, ಉಪಚಾರದಿಂದ!

ಅಂದು ನಾನು ಹೇಳಿಕೊಡದೆ ಬಿಟ್ಟದ್ದನ್ನೆಲ್ಲ ಈ ವಾರ ಬರೆಯುತ್ತಿದ್ದೇನೆ.

ಮೊದಲು ಹೊಂಡ. ಆರು ಅಡಿ ಉದ್ದ, ನಾಲ್ಕು ಅಡಿ ಅಗಲ, ಎರಡು ಅಡಿ ಆಳ ಸಾಕು. ಒಂದು ಘನ ಅಡಿಗೆ ಸುಮಾರು 28 ಲೀಟರ್ ಎಂದರೆ ಎಷ್ಟು ನೀರು ಹಿಡಿಯುತ್ತದೆ? ಮಕ್ಕಳೇ, ನೀವೇ ಲೆಕ್ಕ ಹಾಕಿ. 1,340ರ ಆಸುಪಾಸು ಬರಬೇಕು. ತಳಕ್ಕೆ ಜೇಡಿಮಣ್ಣು ಬಡಿಯಬಹುದು ಅಥವಾ ದಪ್ಪ ಪ್ಲಾಸ್ಟಿಕ್ ಹಾಳೆ ಹಾಸಬಹುದು. ಅರ್ಧ ದಿನ ಬಿಸಿಲು, ಅರ್ಧ ದಿನ ನೆರಳು ಬೀಳುವ ಜಾಗ ಒಳ್ಳೆಯದು. ಪ್ರಯೋಗಶಾಲೆಯಲ್ಲಿ ಗುಳ್ಳೆ ಎಣಿಸುವ ಹೈಡ್ರಿಲ್ಲಾ ಗಿಡ ನೆನಪಿದೆಯಲ್ಲ? ಅದರ ಒಂದು ಹಿಡಿ, ಜೊತೆಗೆ ಕುಂಡದಲ್ಲಿ ಒಂದು ನೈದಿಲೆ ಇರಲಿ. ನಲ್ಲಿ ನೀರಾದರೆ ಕ್ಲೋರಿನ್ ಹೋಗಲು ಎರಡು ದಿನ ಬಿಸಿಲಿಗೆ ಬಿಡಿ. ನಾಗಮಂಗಲದ ಕಡೆ ಬೋರ್‌ವೆಲ್ ನೀರೇ ಗತಿ ಎನ್ನುವವರು ಅದನ್ನು ಎತ್ತರದಿಂದ ಸುರಿದು ಗಾಳಿ ಬೆರೆಸಿ, ಎರಡು ದಿನ ಬಿಟ್ಟು ಮೀನು ಬಿಡಿ.

ತಾಯಿತಂದೆಯರಿಗೆ ಒಂದು ಮಾತು. ಅಂಬೆಗಾಲಿಡುವ ಮಗುವಿಗೆ ಅರ್ಧ ಅಡಿ ನೀರೂ ಅಪಾಯವೇ. ಮನೆಯಲ್ಲಿ ಚಿಕ್ಕ ಮಕ್ಕಳಿದ್ದರೆ ಸುತ್ತ ಬೇಲಿ, ಮೇಲೆ ಗಟ್ಟಿಯಾದ ಜಾಲರಿ ಇಲ್ಲದೆ ಹೊಂಡ ಬೇಡ.

ಇನ್ನು ಮೀನು. ಹೆಸರುಗಳು ಊರಿಗೊಂದು ಬಗೆಯಾದ್ದರಿಂದ ಲಕ್ಷಣ ಹೇಳುತ್ತೇನೆ. ಚಪ್ಪಟೆ ತಲೆ, ಮೇಲ್ಮುಖವಾದ ಬಾಯಿ, ನೆತ್ತಿಯ ಮೇಲೆ ಬೆಳ್ಳಿಯಂತೆ ಹೊಳೆಯುವ ಚುಕ್ಕೆ. ಇದು ಅಪ್ಲೋಕೈಲಸ್, ನೀರಿನ ಮೇಲ್ಭಾಗದಲ್ಲೇ ಓಡಾಡುತ್ತದೆ. ಪಕ್ಕೆಯ ಉದ್ದಕ್ಕೂ ಕಪ್ಪು ಗೆರೆ ಇರುವುದು ರಾಸ್‌ಬೋರಾ. ಬಾಲದ ಬುಡದಲ್ಲಿ ಕರಿ ಚುಕ್ಕೆ ಇರುವ ಸಣ್ಣ ಗೆಂಡೆ ಜಾತಿಯವೂ ಆಗಬಹುದು. ಬೆರಳುದ್ದದ ಇಂಥವು ಇಪ್ಪತ್ತು ಸಾಕು. ಕೊರವ, ಕುಚ್ಚು ಮೀನಿನ ಮರಿಗಳನ್ನು ಜೊತೆಗೆ ಬಿಡಬೇಡಿ. ತಿಂಗಳು ಕಳೆಯುವುದರಲ್ಲಿ ಹೊಂಡದಲ್ಲಿ ಅವಷ್ಟೇ ಉಳಿಯುತ್ತವೆ.

‘ಮೇಷ್ಟ್ರೇ, ನಾವೇ ನೀರು ನಿಲ್ಲಿಸಿ ಸೊಳ್ಳೆ ಸಾಕ್ಬೇಕಾ?’ ಎಂದು ಪೋಷಕರೊಬ್ಬರು ಕೇಳಿದ್ದರು. ನ್ಯಾಯವಾದ ಪ್ರಶ್ನೆ. ಸೊಳ್ಳೆಯ ಮೊಟ್ಟೆ ಬೆಚ್ಚನೆಯ ನೀರಿನಲ್ಲಿ ಏಳೆಂಟು ದಿನಗಳಿಂದ ಹತ್ತು ದಿನದೊಳಗೆ ಸೊಳ್ಳೆಯಾಗಿ ಹಾರುತ್ತದೆ. ಮೀನಿಲ್ಲದ ಹೊಂಡ ಸೊಳ್ಳೆಯ ತೊಟ್ಟಿಲು. ಮೀನಿದ್ದರೆ ಸೊಳ್ಳೆ ಬಂದು ಮೊಟ್ಟೆ ಇಟ್ಟರೂ ಮರಿಹುಳುಗಳು ಮೀನಿನ ಬಾಯಿಗೆ ಬೀಳುತ್ತವೆ. ಆದರೆ ಮೀನಿನ ಹೊಟ್ಟೆ ತುಂಬಿಸಿಬಿಟ್ಟರೆ ಅವು ಹುಳು ಹುಡುಕುವುದಿಲ್ಲ. ಎರಡು ನಿಮಿಷದಲ್ಲಿ ತಿಂದು ಮುಗಿಸುವಷ್ಟು ಮಾತ್ರ ಹಾಕಿ. ಒಂದು ದಿನ ಮರೆತರೂ ಚಿಂತೆಯಿಲ್ಲ.

ಅಂಗಡಿಯಲ್ಲಿ ಸಿಗುವ ಬಣ್ಣದ ಮೀನೇ ಬಿಡಬಹುದಲ್ಲ ಎನ್ನಬಹುದು. ಮಳೆಗಾಲದಲ್ಲಿ ಹೊಂಡ ತುಂಬಿ ಹರಿದರೆ ನೀರು ಎಲ್ಲಿಗೆ ಹೋಗುತ್ತದೆ? ಮೋರಿ, ಗದ್ದೆ, ನಾಲೆ, ಕಡೆಗೆ ಕಾವೇರಿ. ಸೊಳ್ಳೆ ತಿನ್ನಲೆಂದು 1928ರಲ್ಲಿ ಭಾರತಕ್ಕೆ ತಂದ ಗ್ಯಾಂಬೂಸಿಯಾ ಬೇರೆ ಮೀನುಗಳ ಮೊಟ್ಟೆ ಮರಿಗಳನ್ನೂ ತಿನ್ನುತ್ತದೆ. 1952ರಲ್ಲಿ ಬಂದ ಆಫ್ರಿಕಾ ಮೂಲದ ಜಿಲೇಬಿ ಮೀನು, ಅಂದರೆ ತಿಲಾಪಿಯಾ, ಇಂದು ನಮ್ಮ ಕೆರೆಗಳಲ್ಲಿ ಎಲ್ಲೆಲ್ಲೂ ಇದೆ. ಅತ್ತ ಕಾವೇರಿಯ ಕಣಿವೆಗಷ್ಟೇ ಸೇರಿದ, ಐವತ್ತು ಕಿಲೋ ತೂಗಬಲ್ಲ ದೊಡ್ಡ ಬಿಳಿಮೀನಿಗೆ ವಿಜ್ಞಾನಿಗಳು ಸರಿಯಾದ ಹೆಸರು ಗುರುತಿಸಿದ್ದೇ 2018ರಲ್ಲಿ: ಟಾರ್ ರೆಮಾದೇವಿ. ಅಷ್ಟರಲ್ಲಿ ಅದು ಅಳಿವಿನ ಅಂಚಿಗೆ ಬಂದಿತ್ತು.

ಊರ ಮೀನು ತರುವುದೆಲ್ಲಿಂದ? ಶ್ರೀರಂಗಪಟ್ಟಣ, ಪಾಂಡವಪುರದವರು ನಾಲೆಗೆ ನೀರು ನಿಲ್ಲಿಸಿದಾಗ ಬತ್ತುವ ಗುಂಡಿಗಳನ್ನು ನೋಡಿ; ಹೇಗೂ ಸಾಯಲಿರುವ ಮರಿಗಳು ಅಲ್ಲಿರುತ್ತವೆ. ಕೆ.ಆರ್. ಪೇಟೆ, ನಾಗಮಂಗಲದವರು ಕೆರೆಯ ಮೀನು ಗುತ್ತಿಗೆ ಹಿಡಿದವರನ್ನು ಕೇಳಿ ಹತ್ತು ಮರಿ ಪಡೆಯಿರಿ. ರಂಗನತಿಟ್ಟು ಪಕ್ಷಿಧಾಮದಲ್ಲಿ ಮಾತ್ರ ಬಲೆ ಹಾಕುವಂತಿಲ್ಲ, ಅಲ್ಲಿ ಮೀನು ಹಕ್ಕಿಗಳ ಪಾಲು. ದೊಡ್ಡವರ ಜೊತೆಯಿಲ್ಲದೆ ನಾಲೆಗೆ ಇಳಿಯಲೇಬೇಡಿ. ಒಮ್ಮೆ ಹೊಂಡಕ್ಕೆ ಬಿಟ್ಟ ಮೀನನ್ನು ಮತ್ತೆ ಕೆರೆಗೆ ಬಿಡುವುದೂ ಬೇಡ, ರೋಗ ಅಂಟಿದ್ದರೆ ಕೆರೆಗೂ ಹರಡೀತು. ಸಾಕಲಾಗದಿದ್ದರೆ ಇನ್ನೊಬ್ಬ ಗೆಳೆಯನ ಹೊಂಡಕ್ಕೆ ಕೊಡಿ.

ಆ ಹುಡುಗ ಹೊಂಡ ತೊಳೆದು, ಮಳೆ ಬಂದ ಮೇಲೆ ಮತ್ತೆ ಮೀನು ಬಿಟ್ಟ. ಅಜ್ಜಿಗೆ ಮಾತ್ರ ಬೇಸರ: ‘ಅಷ್ಟು ಚೂರು ಹಾಕಿದ್ರೆ ಹೊಟ್ಟೆ ತುಂಬ್ತದಾ?’ ಈಗ ಅವನು ದಿನಾ ಬೆಳಿಗ್ಗೆ ಆರಕ್ಕೆ ಎದ್ದು, ಮೀನುಗಳು ಮೇಲೆ ಬಂದು ಬಾಯಿ ತೆರೆಯುತ್ತಿವೆಯೇ ಎಂದು ನೋಡಿ ನೋಟ್‌ಬುಕ್ಕಿನಲ್ಲಿ ಬರೆಯುತ್ತಾನೆ. ಹಾಗೆ ಬಾಯಿ ತೆರೆದಿದ್ದರೆ ಉಸಿರಿಗೆ ಕಷ್ಟವೆಂದೇ ಅರ್ಥ. ತಕ್ಷಣ ಚೊಂಬಿನಲ್ಲಿ ನೀರೆತ್ತಿ ಮೇಲಿನಿಂದ ಸುರಿಯುತ್ತಾನೆ. ‘ಇದಕ್ಕೆಲ್ಲ ಮಾರ್ಕ್ಸ್ ಕೊಡ್ತಾರಾ?’ ಎಂದು ಅವರಪ್ಪ ಕೇಳಿದರು. ಕೊಡುವುದಿಲ್ಲ. ಆದರೆ ‘ಗಿಡಗಳು ರಾತ್ರಿ ಉಸಿರಾಡುತ್ತವೆಯೇ?’ ಎಂಬ ಪ್ರಶ್ನೆಗೆ ಇಡೀ ತರಗತಿಯಲ್ಲಿ ಪುಸ್ತಕ ನೋಡದೆ ಕೈ ಎತ್ತಿದವನು ಅವನೊಬ್ಬನೇ.