ಅಂಚೆ ಕಳೆದರೆ ಯಾರ ತಪ್ಪು?

ಬೋಡಿಯ ಏಲಕ್ಕಿ, ಚಿನ್ನಾಳಪಟ್ಟಿಯ ಸೀರೆ, ದಿಂಡಿಗಲ್ ಬೀಗ ಈಗ ಆನ್‌ಲೈನ್‌ನಲ್ಲೂ ಬಿಕರಿಯಾಗುತ್ತವೆ. ಕಂಬಂ ಕಣಿವೆಯ ಕನ್ನಡ ಮನೆಗಳಲ್ಲಿ ಕೊಳ್ಳುವವರೂ ಉಂಟು, ಮಾರುವವರೂ ಉಂಟು. ಆದರೆ ಪಾರ್ಸೆಲ್ ದಾರಿಯಲ್ಲಿ ಕಳೆದರೆ ಮಾರಿದವರಿಗೆ ಒಂದೇ ಸ್ಟಾರ್, ಜೊತೆಗೆ ‘ಮೋಸಗಾರ’ ಎಂಬ ಪಟ್ಟ. ಇದು ನ್ಯಾಯವಲ್ಲ. ಹಾಗಂತ ‘ಕಳಿಸಿಯಾಯ್ತು, ಇನ್ನು ನಮಗೇನು’ ಎಂದು ಮಾರಿದವರು ಕೈತೊಳೆದುಕೊಳ್ಳುವುದೂ ಸಲ್ಲದು. ಅವರು ಅಂಚೆ ರಸೀದಿಯ ನಂಬರು ಕೊಡಲಿ, ಬೆಲೆಬಾಳುವ ಸರಕಿಗೆ ವಿಮೆ ಮಾಡಿಸಲಿ. ಕೊಂಡವರು ಮೊದಲು ವಿಚಾರಿಸಲಿ, ಆಮೇಲೆ ದೂರಲಿ. 2020ರ ಇ-ವಾಣಿಜ್ಯ ನಿಯಮದ ಪ್ರಕಾರ ಮಾರಾಟ ತಾಣದ ಕುಂದುಕೊರತೆ ಅಧಿಕಾರಿ 48 ಗಂಟೆಯೊಳಗೆ ದೂರಿಗೆ ಸ್ವೀಕೃತಿ ಕೊಡಬೇಕು, ತಿಂಗಳೊಳಗೆ ಪರಿಹರಿಸಬೇಕು. ಹಣ ವಾಪಸ್ ಬಂದರೆ ಅದನ್ನೂ ಬರೆಯಬೇಕು. ಕಳೆದ ಪಾರ್ಸೆಲ್‌ಗೆ ಬದಲಿ ಕಳಿಸಬಹುದು. ಕಳೆದ ಹೆಸರಿಗೆ ಬದಲಿ ಎಲ್ಲಿಂದ ತರುವುದು?